ಬೇಡ ಎನ್ನುವುದನ್ನು ಮೊದಲೇ ಹೇಳಿ

ನಾಲ್ಕು ದಿನದಿಂದ ಯಾವ ಯಾವ ಫೈಲಿಗೆ ಕೈ ಹಾಕಿದ್ದೇವೆ? ಇಷ್ಟು ಕೇಳುವುದಕ್ಕೆ, ಹಲವರು ಸೇರಿ ಬರೆಯುವ ಕೋಡಿನ ತಿದ್ದುಪಡಿಗಳ ಲೆಕ್ಕ ಇಡುವ ಸಿವಿಎಸ್‌ಗೆ ‘ಅಪ್‌ಡೇಟ್’ ಎಂದು, ಅಂದರೆ ಇತರರ ತಿದ್ದುಪಡಿ ಇಳಿಸು ಎಂದು, ಆಜ್ಞೆ ಕೊಡಬೇಕು. ಜೊತೆಗೆ ‘ಮಾಡಿಗೀಡೀಯ, ಜೋಕೆ!’ ಎಂದು ಗದರಲೂಬೇಕು. ಆ ಗದರಿಕೆಯೇ ‘-ಎನ್’: ಏನೇನು ಮಾಡುತ್ತಿದ್ದೆ ಎಂದಷ್ಟೇ ಹೇಳು, ಮಾಡಬೇಡ.

ಸ್ಟೇಟಸ್ ಎಂಬ ಕಮಾಂಡ್ ಇಲ್ಲವೇ? ಇದೆ. ಮುಟ್ಟದ ಫೈಲಿನ ಬಗ್ಗೆಯೂ ಹಲವು ಸಾಲು ಹರಟುತ್ತದೆ. ಸಾಲು ಹುಡುಕುವ ಗ್ರೆಪ್ ಹಾಕಿ ‘ಲೋಕಲಿ ಮಾಡಿಫೈಡ್’ (ನೀವು ತಿದ್ದಿದ್ದು) ಎಂಬ ಸಾಲನ್ನಷ್ಟೇ ಹೆಕ್ಕಿದರೆ ಫೈಲಿನ ಹೆಸರಿರುತ್ತದೆ, ಡೈರೆಕ್ಟರಿಯ ಹೆಸರಿಲ್ಲ. ಮೇಕ್‌ಫೈಲ್ ಎಂಬ ಒಂದೇ ಹೆಸರಿನ ಹತ್ತು ಫೈಲು ಇರುವ ಕಡೆ ಇದು ಬೀದಿಯಲ್ಲಿ ನಿಂತು ‘ಮಂಜಾ’ ಎಂದು ಕೂಗಿದ ಹಾಗೆ.

ಇನ್ನು ಈ ಎನ್ ಕೂರುವ ಜಾಗ. ‘ಮಾಡ’ ಎಂದು ಹೊರಟು, ಕೊನೆಗೆ ನೆನಪಾದಾಗ ‘ಬೇಡ’ ಸೇರಿಸುವವರು ನಾವು. ಸಿವಿಎಸ್‌ಗೆ ಬೇಡ ಮೊದಲು, ಮಾಡು ಆಮೇಲೆ. ಅಪ್‌ಡೇಟ್ ಎಂಬ ಪದದ ನಂತರ ಎನ್ ಇಟ್ಟರೆ ಅಂಥ ಆಪ್ಷನ್ನೇ ಇಲ್ಲವೆಂದು ರೇಗುತ್ತದೆ. ರೇಗಿದರೆ ಬಚಾವ್. ಫೈಲುಗಳನ್ನು ಮೊದಲ ಸಲ ಇಳಿಸಿಕೊಳ್ಳುವ ಚೆಕ್‌ಔಟ್ ಪದದ ನಂತರ ಇಟ್ಟರೆ ರೇಗುವುದೂ ಇಲ್ಲ. ಅಲ್ಲಿ ಎನ್ ಎಂದರೆ ಮಾಡ್ಯೂಲ್ಸ್ ಫೈಲಿನಲ್ಲಿ ಹೇಳಿಟ್ಟ ಪ್ರೋಗ್ರಾಂ ಓಡಿಸಬೇಡ ಎಂದಷ್ಟೇ ಅರ್ಥ. ಫೈಲುಗಳು ನಿಜವಾಗಿಯೇ ಇಳಿಯುತ್ತವೆ. ಡೈರೆಕ್ಟರಿ ಮೊದಲೇ ಇದ್ದರೆ ನಿಮ್ಮ ತಿದ್ದುಪಡಿಯೊಳಗೆ ಬೆರೆತೂ ಬಿಡುತ್ತವೆ. ‘-ಡಿ’ ಕಥೆಯೂ ಇದೇ: ಅಪ್‌ಡೇಟ್‌ಗೆ ಮುಂಚೆ ಬಂದರೆ ರೆಪಾಸಿಟರಿಯ (ಎಲ್ಲರ ಫೈಲುಗಳ ಮೂಲ ಉಗ್ರಾಣದ) ವಿಳಾಸ, ಆಮೇಲೆ ಬಂದರೆ ಹೊಸ ಡೈರೆಕ್ಟರಿಗಳನ್ನೂ ತಾ ಎಂಬ ಅಪ್ಪಣೆ. ‘-ಆರ್’ ಮುಂಚೆ ಬಂದರೆ ರೀಡ್ ಓನ್ಲಿ, ಆಮೇಲೆ ಬಂದರೆ ರಿವಿಷನ್, ಅಂದರೆ ಯಾವ ಆವೃತ್ತಿ ಬೇಕೆಂಬುದು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ. ದೊಡ್ಡಕ್ಷರ ಸೇರಿದರೆ ಐವತ್ತೆರಡು. ಅಷ್ಟೊಂದು ಬಡತನವೇನಿತ್ತೋ!

ಇರಲಿ. ‘ಸಿವಿಎಸ್ -ಎನ್ -ಕ್ಯೂ ಅಪ್‌ಡೇಟ್’ ಎನ್ನಿ. ಕ್ಯೂ ಇದ್ದರೆ ಪ್ರತಿ ಡೈರೆಕ್ಟರಿಯ ಹೆಸರು ಕೂಗುವುದು ನಿಲ್ಲುತ್ತದೆ. ಉಳಿಯುವುದು ಫೈಲುಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಒಂದು ಗುರುತು. ಯು, ಪಿ ಇತರರು ಮಾಡಿದ್ದು. ಪ್ರಶ್ನಾರ್ಥಕ ಬಿದ್ದದ್ದು ಅದಕ್ಕೆ ಗುರುತೇ ಇಲ್ಲದ ಫೈಲು. ಎಂ ನಿಮ್ಮದು. ಆದರೆ ಎಂ ಒಂದನ್ನೇ ಸೋಸಿಕೊಂಡರೆ ಸಿ ಕೈತಪ್ಪುತ್ತದೆ; ನಿಮ್ಮ ತಿದ್ದುಪಡಿಯೂ ಇನ್ನೊಬ್ಬರದೂ ಡಿಕ್ಕಿ ಹೊಡೆಯಲಿರುವ ಜಾಗ ಅದೇ. ಸೇರಿಸಿದ ಎ, ತೆಗೆದ ಆರ್ ಕೂಡ ನಿಮ್ಮವೇ. ನಾಲ್ಕನ್ನೂ ಸೋಸಿ.

ಇದಿಷ್ಟೂ ಸರ್ವರ್ ಸಿಕ್ಕಿದರೆ. ಇದೇ ಕೆಲಸದ ಇನ್ನೊಂದು ಸಾಧನ, 2004ರಲ್ಲಿ 1.0 ಆದ ಸಬ್‌ವರ್ಷನ್ ಮೂಲಪ್ರತಿಯನ್ನು ಪಕ್ಕದಲ್ಲೇ ಬಚ್ಚಿಟ್ಟುಕೊಂಡು, ನೆಟ್‌ವರ್ಕ್ ಇಲ್ಲದೆಯೂ ಸ್ಟೇಟಸ್ ಹೇಳುತ್ತದೆ. ಸಿವಿಎಸ್ ಇಳಿಸಿಕೊಟ್ಟ ಪ್ರತಿಯಲ್ಲಿ ಇರುವುದು ಎಂಟ್ರೀಸ್ ಫೈಲಿನಲ್ಲಿ ಬರೆದಿಟ್ಟ ಸಮಯ ಮಾತ್ರ. ಅದನ್ನು ಫೈಲಿನ ಸಮಯಕ್ಕೆ ಹೋಲಿಸಿ ನೋಡಬಹುದು. ಏನೂ ತಿದ್ದದೆ ಸೇವ್ ಒತ್ತಿದರೂ ಹೊಂದುವುದಿಲ್ಲ ಎನ್ನಿ. ಅದೂ ಹೋಗಲಿ, ಎಂಟ್ರೀಸ್ ಬರೆಯುವುದು ಗ್ರೀನಿಚ್ ಸಮಯ. ನಮ್ಮ ಗಡಿಯಾರದಲ್ಲಿ ಪ್ರತಿ ಫೈಲೂ ಐದೂವರೆ ಗಂಟೆ ತಡವಾಗಿ ಹುಟ್ಟಿರುತ್ತದೆ.