ಪಾರ್ಲೆ, ಕೋಳಿ ಮತ್ತು ಎರಡು ನಾಯಿ

ಫ್ರಾನ್ಸಿನ ಲಿಯೋಂಗೆ ಬಂದ ಹೊಸತರಲ್ಲಿ ಸಂಜೆಯ ಫ್ರೆಂಚ್ ಕ್ಲಾಸಿಗೆ ಸೇರಿಕೊಂಡೆ. ಕಂಡ ಶಬ್ದವನ್ನೆಲ್ಲ ಕನ್ನಡ ಲಿಪಿಗಿಳಿಸಿ, ಪ್ರಸ್ತಾರ ಹಾಕುವವರ ಹಾಗೆ ಗೀಟೆಳೆದು ತುಂಡು ಮಾಡುವುದು ನನ್ನ ಕ್ರಮ.

ಮೊದಲ ಪಾಠವೇ 'ಮಾತಾಡು'. ಬೋರ್ಡಿನ ಮೇಲಿದ್ದದ್ದು ಥೇಟ್ ನಮ್ಮ ಪಾರ್ಲೆ-ಜಿ ಪೊಟ್ಟಣದ ಸ್ಪೆಲ್ಲಿಂಗು. 'ನಾನು ಮಾತಾಡುತ್ತೇನೆ' ಅನ್ನಲು ಹುರುಪಿನಿಂದ 'ಜೆ ಪಾರ್ಲೆ' ಅಂದೆ. ಮೇಡಂ ಬಿಸ್ಕತ್ತಿನ ತುದಿ ಮುರಿದ ಹಾಗೆ ಕೊನೆಯ ಎಕಾರ ಮುರಿದರು: 'ಪಾರ್ಲ್'. ಸರಿ, 'ಅವರು ಮಾತಾಡುತ್ತಾರೆ'ಗೆ ಕೊನೆಯಲ್ಲಿ ಇ, ಎನ್, ಟಿ ಇದೆಯಲ್ಲ! ಪಾರ್ | ಲೆಂಟ್ ಎಂದು ಗೀಟೆಳೆದೆ. ಮೇಡಂ ನನ್ನ ಪೆನ್ಸಿಲ್ ತೆಗೆದುಕೊಂಡು ಆ ಮೂರನ್ನೂ ಹೊಡೆದುಹಾಕಿದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾನು, ನೀನು, ಅವನು, ಅವರು, ಎಲ್ಲರಿಗೂ ಒಂದೇ ಪಾರ್ಲ್. 'ನಾವು' ಬಂದರೆ ಪಾರ್ಲೋಂ. 'ನೀವು' ಬಂದಾಗ ನೋಡಿ, ಪಾರ್ಲೆ! ಕೊನೆಗೂ ಬಿಸ್ಕತ್ತು ಸಿಕ್ಕಿತು.

'ಅವರು ತಿನ್ನುತ್ತಿದ್ದರು' ಅನ್ನುವ ಕ್ರಿಯಾಪದಕ್ಕಂತೂ ಹತ್ತು ಅಕ್ಷರ. ಬಾಯಿಗೆ ಬರುವುದು 'ಮಾಂ-ಜೆ', ಎರಡೇ ತುಂಡು. ತಿನ್ನುವ ಶಬ್ದವಲ್ಲವೇ, ಉಳಿದದ್ದನ್ನು ತಾನೇ ತಿಂದಿರಬೇಕು. ನಮ್ಮಲ್ಲಿ 'ಬರುತ್ತೇನೆ' ಅಂದರೆ ಸಾಕು, ಬರುವವಳು ನಾನೇ ಎಂದು ಗೊತ್ತಾಗುತ್ತದೆ. ಇವರು ಬಾಲ ನುಂಗುವುದರಿಂದ ತಲೆಗೊಂದು ಸರ್ವನಾಮ ಕಟ್ಟಲೇಬೇಕು. ಅದರಲ್ಲೂ 'ಅವನು', 'ಅವರು' ಎರಡೂ ಕಿವಿಗೆ 'ಇಲ್'!

ಹೋಗಲಿ, ಇ-ಎನ್-ಟಿ ಕಂಡಲ್ಲೆಲ್ಲ ನುಂಗಿದರಾಯಿತು ಅಂದುಕೊಂಡೆ. ಮೇಡಂ ಒಂದು ಹಳೆಯ ವಾಕ್ಯ ಬರೆದರು: 'ಕಾನ್ವೆಂಟಿನ ಕೋಳಿಗಳು ಕಾವಿಗೆ ಕೂತಿವೆ'. ಫ್ರೆಂಚಿನಲ್ಲಿ ಅದರ ಕೊನೆಯ ಎರಡು ಶಬ್ದಗಳ ಕಾಗುಣಿತ ಒಂದೇ. ಕಾನ್ವೆಂಟ್ ಆದರೆ 'ಕು-ವಾಂ', ಕಾವಿಗೆ ಕೂತರೆ ಬರೀ 'ಕೂವ್'. ನಾಮಪದಕ್ಕೆ ಬಾಲ ಉಂಟು, ಕ್ರಿಯಾಪದಕ್ಕಿಲ್ಲ. ಕೋಳಿಗಾದರೂ ಗೊತ್ತಿತ್ತೋ ಇಲ್ಲವೋ.

ನಿಜವಾದ ಫಜೀತಿ ನಡೆದದ್ದು ಲಿಫ್ಟಿನ ಮುಂದೆ. ಹೊಸದಾಗಿ ಬಂದ ನೆರೆಯಾಕೆ, ಮೇಲಿನ ಮನೆಯ ಸದ್ದು ಯಾರದ್ದು ಎಂದು ಕೇಳಿದಳು. ಅಲ್ಲಿರುವ ವೃದ್ಧ ದಂಪತಿಗೆ ಎರಡು ನಾಯಿಗಳಿವೆ ಅನ್ನಬೇಕಿತ್ತು. 'ಅವರು' ಅನ್ನುವ 'ಇಲ್'ನ ಕೊನೆಯಲ್ಲಿ ಸುಮ್ಮನಿರುವ ಎಸ್, ಮುಂದೆ ಸ್ವರ ಬಂದರೆ ಜ಼ ಆಗಿ ಎದ್ದು ಅದಕ್ಕೆ ಅಂಟಿಕೊಳ್ಳುತ್ತದೆ: ಇಲ್-ಜ಼ೋಂ, ಅಂದರೆ 'ಅವರ ಹತ್ತಿರ ಇವೆ'. ನನ್ನ ನಾಲಿಗೆ ಆ ಜ಼ ಎಂಬಲ್ಲಿ ಸಲೀಸಾಗಿ ಸ ಅಂದುಬಿಟ್ಟಿತು. ಇಲ್-ಸೋಂ: 'ಅವರು ಎರಡು ನಾಯಿಗಳು'.

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಅಜ್ಜ, ಅಜ್ಜಿ, ಕೈಯಲ್ಲಿ ಎರಡು ಹಗ್ಗ. ಅಜ್ಜ ಅಜ್ಜಿಯ ಮುಖ ನೋಡಿದರು, ಅಜ್ಜಿ ನನ್ನ ಮುಖ. ಪುಣ್ಯಕ್ಕೆ ಅಷ್ಟರಲ್ಲಿ ನಾಯಿಗಳೇ ಬೊಗಳಿ ಸಂಶಯ ಪರಿಹರಿಸಿದವು.