ಕಿಟಕಿಗೆ ಬಾಡಿಗೆ, ಕೋಣೆ ಉಚಿತ

ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದಲ್ಲಿ ನಮ್ಮ ಕೈಗೆಟಕುವ ಹೋಟೆಲೊಂದನ್ನು ಹುಡುಕಬೇಕೆಂದು ನನ್ನಾಕೆ ಅಪ್ಪಣೆ ಮಾಡಿ ಇಂದಿಗೆ ಮೂರು ವಾರವಾಯಿತು. ಬೆಂಗಳೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಈಗ ಊಟದ ತಟ್ಟೆಗಳಿಗೆ ಜಾಗವಿಲ್ಲ. ಅಲ್ಲಿ ದ್ವೀಪದ ನಕ್ಷೆ, ಯೂರೊ ಲೆಕ್ಕದ ಹಾಳೆಗಳು ಮತ್ತು ನನ್ನ ಮೈದುನನ ಲ್ಯಾಪ್‌ಟಾಪ್ ಇವೆ. ಇಷ್ಟು ದಿನಗಳ ಸಂಶೋಧನೆಯಿಂದ ನನಗೆ ಮನದಟ್ಟಾದ ಸಂಗತಿಯೆಂದರೆ, ಆ ದ್ವೀಪದಲ್ಲಿ ಯಾರೂ ಕೋಣೆಯನ್ನು ಬಾಡಿಗೆಗೆ ಕೊಡುವುದಿಲ್ಲ. ಕೊಡುವುದು ಕಿಟಕಿಯನ್ನು. ಕಿಟಕಿಯ ಹಿಂದೆ ಮಂಚ ಹಾಕುವಷ್ಟು ಜಾಗವೂ ಇದ್ದರೆ ಅದು ಅವರ ಔದಾರ್ಯ.

ಇದಕ್ಕೆ ಕಾರಣ ಜ್ವಾಲಾಮುಖಿ. ಸುಮಾರು 3,600 ವರ್ಷಗಳ ಹಿಂದೆ ಅದು ಸಿಡಿದಾಗ ದ್ವೀಪದ ನಡುಭಾಗ ಕುಸಿದು, ಕಡಲು ಒಳನುಗ್ಗಿ, ಕೊನೆಗೆ ಉಳಿದದ್ದು ಕುಡುಗೋಲಿನಂತೆ ಬಾಗಿದ ಒಂದು ಅಂಚು. ಈ ಅಂಚಿನ ಪಡುವಣ ಬದಿ ಕಡಿದಾದ ಪ್ರಪಾತ; ಅದರ ಕೆಳಗೆ ಕಾಲ್ಡೆರಾ ಎಂಬ ನೀರು ತುಂಬಿದ ಕುಳಿ; ಅದರಾಚೆ ಸೂರ್ಯಾಸ್ತ. ಮೂಡಣ ಬದಿ ನಿಧಾನವಾಗಿ ಇಳಿಯುತ್ತ ಹೋಗಿ ಕಪ್ಪು ಮರಳಿನ ದಡ ಸೇರುತ್ತದೆ. ಒಟ್ಟು ವಿಸ್ತೀರ್ಣ ಸುಮಾರು 76 ಚದರ ಕಿಲೋಮೀಟರ್. ಇಷ್ಟರಲ್ಲಿ ನಿಮ್ಮ ಹಾಸಿಗೆ ಯಾವ ಕಡೆಗೆ ಮುಖ ಮಾಡಿದೆ ಎಂಬುದರ ಮೇಲೆ ನೀವು ಬಡವರೋ ಬಲ್ಲಿದರೋ ಎಂಬುದು ತೀರ್ಮಾನವಾಗುತ್ತದೆ. ನಮ್ಮ ಹಿರಿಯರು ಉತ್ತರಕ್ಕೆ ತಲೆಯಿಟ್ಟು ಮಲಗಬಾರದು ಎಂದಷ್ಟೇ ಹೇಳಿ ಸುಮ್ಮನಾಗಿದ್ದರು. ಪಶ್ಚಿಮಕ್ಕೆ ಮುಖವಿಟ್ಟು ಮಲಗಿದರೆ ರಾತ್ರಿಗೆ ನೂರಾರು ಯೂರೊ ತೆರಬೇಕಾಗುತ್ತದೆ ಎಂಬ ವಾಸ್ತುದೋಷ ಅವರಿಗೆ ಗೊತ್ತಿರಲಿಲ್ಲ.

ಈ ವ್ಯಾಪಾರದಲ್ಲಿ ನೋಟಗಳಿಗೊಂದು ಜಾತಿಪದ್ಧತಿಯೇ ಇದೆ. ಎಲ್ಲಕ್ಕಿಂತ ಮೇಲೆ 'ಪೂರ್ಣ ಕಾಲ್ಡೆರಾ ನೋಟ'. ಅದರ ಕೆಳಗೆ 'ಭಾಗಶಃ ಕಾಲ್ಡೆರಾ ನೋಟ', ಅದಕ್ಕೂ ಕೆಳಗೆ 'ಪಕ್ಕದಿಂದ ಕಡಲ ನೋಟ', ಕೊನೆಯಲ್ಲಿ ನಮ್ಮಂಥವರಿಗಾಗಿ 'ಹಳ್ಳಿಯ ನೋಟ'. ಭಾಗಶಃ ಎಂದರೆ ಎಷ್ಟು ಭಾಗ ಎಂದು ತಿಳಿಯುವ ಕುತೂಹಲದಿಂದ ನಾನು ಹಿಂದೆ ತಂಗಿದ್ದವರು ಹಾಕಿದ ಚಿತ್ರಗಳನ್ನೆಲ್ಲ ಹಿಗ್ಗಿಸಿ ನೋಡಿದೆ. ಒಂದು ಚಿತ್ರದಲ್ಲಿ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಬ್ಬರ ಪಾದಗಳಿದ್ದವು, ಎಡಗಡೆ ನೀರು ತೊಟ್ಟಿಕ್ಕುವ ಎ.ಸಿ. ಪೆಟ್ಟಿಗೆ ಇತ್ತು, ಬಲಗಡೆ ಪಕ್ಕದ ಹೋಟೆಲಿನ ಗೋಡೆ ಇತ್ತು, ಇವೆರಡರ ಸಂದಿನಲ್ಲಿ ಹೆಬ್ಬೆರಳಿನಷ್ಟು ಅಗಲದ ನೀಲಿ ಇತ್ತು. ಆ ಹೆಬ್ಬೆರಳಿಗೆ, ಹಳ್ಳಿಯ ನೋಟದ ಕೋಣೆಗಿಂತ ರಾತ್ರಿಗೆ ನಲವತ್ತು ಯೂರೊ ಹೆಚ್ಚು. ಹಳ್ಳಿಯ ನೋಟವೆಂದರೆ ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ ಮತ್ತು ನಿಲ್ಲಿಸಿದ ಸ್ಕೂಟರು. ಇದನ್ನು ನಾವು ಮೂವತ್ತು ವರ್ಷಗಳಿಂದ ನಮ್ಮ ಅಡುಗೆಮನೆಯ ಕಿಟಕಿಯಿಂದ ಪುಕ್ಕಟೆಯಾಗಿ ನೋಡುತ್ತಿದ್ದೇವೆ.

ಆದರೆ ನನ್ನನ್ನು ನಿಜವಾಗಿ ದಂಗುಬಡಿಸಿದ್ದು ಗುಹೆಗಳು. ಪ್ರಪಾತದ ಅಂಚಿನಲ್ಲಿರುವ, ಕಮಾನು ಚಾವಣಿಯ, ಸುಣ್ಣ ಬಳಿದ ಗುಹೆಮನೆಗಳೇ ಇಂದು ದ್ವೀಪದ ಅತಿ ದುಬಾರಿ ಕೋಣೆಗಳು. ಇವನ್ನು ತೋಡಿದವರು ಯಾರು? ಮರವಿಲ್ಲದ, ಮರದ ತೊಲೆಗಳಿಗೆ ಗತಿಯಿಲ್ಲದ ದ್ವೀಪದಲ್ಲಿ ಕೂಲಿಕಾರರೂ ಹಡಗಿನ ಆಳುಗಳೂ ಮೆತ್ತನೆಯ ಜ್ವಾಲಾಮುಖಿ ಬೂದಿಯ ಬಂಡೆಯನ್ನು ಗುದ್ದಲಿಯಿಂದ ಕೊರೆದು, ಬೇಸಿಗೆಗೆ ತಂಪು ಚಳಿಗಾಲಕ್ಕೆ ಬೆಚ್ಚಗೆ ಎಂದು ಒಳಗೆ ಸೇರಿಕೊಂಡಿದ್ದರು. ಹಡಗಿನ ಕಪ್ತಾನರು ದಿಬ್ಬದ ಮೇಲೆ ಭವ್ಯವಾದ ಮನೆಗಳನ್ನು ಕಟ್ಟಿಕೊಂಡಿದ್ದರು. ಗುಹೆಯಲ್ಲಿ ಇರುವವನಿಗೆ ಹೆಣ್ಣು ಕೊಡಲು ಕಪ್ತಾನರು ಖಂಡಿತ ಹಿಂದೆಮುಂದೆ ನೋಡಿರಬೇಕು. 1956ರ ಜುಲೈ 9ರ ಭೂಕಂಪ ಈ ಊರುಗಳನ್ನು ಕೆಡವಿದಾಗ ಬಹಳಷ್ಟು ಜನ ಮನೆಗಳನ್ನು ಹಾಗೆಯೇ ಬಿಟ್ಟು ಅಥೆನ್ಸ್‌ನ ದಾರಿ ಹಿಡಿದರು. 1970ರ ದಶಕದ ನಡುವಿನಲ್ಲಿ ಗ್ರೀಸಿನ ಪ್ರವಾಸೋದ್ಯಮ ಸಂಸ್ಥೆಯೇ ಮುಂದೆ ಬಂದು ಪಾಳುಬಿದ್ದ ಕೆಲವು ಮನೆಗಳನ್ನು ದುರಸ್ತಿ ಮಾಡಿಸಿ ಅತಿಥಿಗೃಹಗಳನ್ನಾಗಿ ಮಾಡಿತು. ಅಲ್ಲಿಂದ ಮುಂದಿನದು ಮಾರುಕಟ್ಟೆಯ ಪವಾಡ. ಕಿಟಕಿಯಿಲ್ಲದ ಹಿಂಗೋಣೆಗೆ 'ಆತ್ಮೀಯ ಬೆಳಕು' ಎಂಬ ಹೆಸರು ಬಂತು, ತಲೆ ಬಡಿಯುವ ಬಾಗಿಲಿಗೆ 'ಮೂಲ ಶೈಲಿ' ಎಂಬ ಬಿರುದು ಬಂತು, ಹಳೆಯ ನೀರಿನ ತೊಟ್ಟಿ ಬೆಚ್ಚನೆಯ ನೀರಿನ ಖಾಸಗಿ ಕೊಳವಾಯಿತು. ಬಡವನು ಬಡತನದಿಂದ ಕೊರೆದ ಬಿಲದಲ್ಲಿ ಇಂದು ಬಲ್ಲಿದನು ಮಲಗುತ್ತಾನೆ. ಬಡವನ ಪಾಲಿಗೆ, ಅಂದರೆ ನನ್ನ ಪಾಲಿಗೆ, ಮೂಡಣ ಬದಿಯ ಕಾಂಕ್ರೀಟು ಕಟ್ಟಡದಲ್ಲಿ ನಾಲ್ಕು ಚೌಕ ಗೋಡೆಗಳಿವೆ.

"ಭಾವ, ಗುಹೆ ಬೇಡ ಅಂದರೆ ವೀಸಾ ಅರ್ಜಿಗೆ ಏನು ತೋರಿಸುತ್ತೀರಿ?" ಎಂದು ಮೈದುನ ಕೇಳಿದಾಗಲೇ ನನಗೆ ಈ ಯೋಜನೆಯ ಎರಡನೆಯ ಅಂಕದ ಪರಿಚಯವಾದದ್ದು. ಗ್ರೀಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕಾದರೆ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಮೊದಲೇ ದಾಖಲೆ ಕೊಡಬೇಕು. ವೀಸಾ ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲದಿರುವಾಗ ಕೋಣೆಗೆ ಹಣ ಕಟ್ಟುವುದು ಹೇಗೆ? ರದ್ದು ಮಾಡಿದರೆ ಹಣ ವಾಪಸು ಕೊಡುವ ಕೋಣೆಯನ್ನು ಹಿಡಿಯಬೇಕು. ಆದರೆ ಅಗ್ಗದ ದರಗಳೆಲ್ಲ ರದ್ದು ಮಾಡಲಾಗದ ದರಗಳೇ. ಮನಸ್ಸು ಬದಲಾಯಿಸುವ ಹಕ್ಕು ದುಬಾರಿ ಕೋಣೆಯವರಿಗೆ ಮಾತ್ರ. ಹೀಗಾಗಿ ಕಾಗದದ ಮೇಲೆ ನಾನು ಮತ್ತು ನನ್ನಾಕೆ ಕಾಲ್ಡೆರಾ ಅಂಚಿನ ಗುಹೆಯೊಂದರಲ್ಲಿ, ಖಾಸಗಿ ಕೊಳದ ಪಕ್ಕದಲ್ಲಿ, ಐದು ರಾತ್ರಿ ಕಳೆಯಲಿದ್ದೇವೆ. ಈ ಕಾಗದವನ್ನು ಮಾಡಿಸಿಟ್ಟ ಮೇಲೆ ನನಗೆ ಇನ್ನೊಂದು ಭಯ ಶುರುವಾಯಿತು. ಇಂಥ ಕೋಣೆ ಹಿಡಿಯುವವನ ಬ್ಯಾಂಕ್ ಖಾತೆಯಲ್ಲಿ ಇಷ್ಟೇ ಹಣವೇ ಎಂದು ಅಧಿಕಾರಿಗಳು ಹುಬ್ಬೇರಿಸಿದರೆ? ಮಿತವ್ಯಯದ ಪ್ರವಾಸಕ್ಕಾಗಿ ಶ್ರೀಮಂತನ ಸೋಗು ಹಾಕಿ, ಆ ಸೋಗಿಗೆ ತಕ್ಕ ಹಣವನ್ನು ತೋರಿಸಲು ಷಡ್ಡಕನಿಂದ ಕೈಗಡ ತರುವ ಹಂತಕ್ಕೆ ನಾವು ಬಂದಿದ್ದೇವೆ. ತಲೆಗೆ 90 ಯೂರೊ ವೀಸಾ ಶುಲ್ಕ, 30,000 ಯೂರೊವರೆಗಿನ ಚಿಕಿತ್ಸಾ ವೆಚ್ಚಕ್ಕೆ ಒದಗುವ ವಿಮೆ, ಇವೆಲ್ಲ ಬೇರೆ. ವೀಸಾ ನಿರಾಕರಿಸಿದರೆ ಶುಲ್ಕ ಹಿಂದಿರುಗಿಸುವುದಿಲ್ಲ. ಆ ಮಟ್ಟಿಗೆ ಅದೂ ಅಗ್ಗದ ಕೋಣೆಯ ನಿಯಮವನ್ನೇ ಪಾಲಿಸುತ್ತದೆ.

ಮೂರನೆಯದು ಹವಾಮಾನ. ಗ್ರೀಸ್ ಸರ್ಕಾರವು ಹೋಟೆಲಿನಲ್ಲಿ ಮಲಗುವವರಿಂದ ಹವಾಮಾನ ವಿಕೋಪಗಳನ್ನು ಎದುರಿಸುವ ಹೆಸರಿನಲ್ಲಿ ಒಂದು ಸುಂಕ ಎತ್ತುತ್ತದೆ. 2025ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ಕೋಣೆಗೆ ಒಂದು ರಾತ್ರಿಗೆ, ಒಂದೆರಡು ನಕ್ಷತ್ರದ ಹೋಟೆಲಿಗೆ 2 ಯೂರೊ, ಮೂರು ನಕ್ಷತ್ರಕ್ಕೆ 5, ನಾಲ್ಕಕ್ಕೆ 10, ಐದಕ್ಕೆ 15 ಎಂದು ನಿಗದಿಯಾಯಿತು. ಇಲ್ಲಿಯವರೆಗೆ ಲೆಕ್ಕ ಸರಿಯಾಗಿಯೇ ಇದೆ. ಉಳ್ಳವರು ಹೆಚ್ಚು ಕೊಡಲಿ. ಆದರೆ ಹೋಟೆಲು ಬೇಡ, ಯಾರದಾದರೂ ಮನೆಯ ಮಹಡಿಯಲ್ಲಿ ಅಡುಗೆ ಮಾಡಿಕೊಂಡು ಇರೋಣ, ಒಂದು ಕುಕ್ಕರ್ ಒಯ್ದರೆ ಅನ್ನ ಸಾರಿಗೆ ತೊಂದರೆಯಿಲ್ಲ ಎಂದು ನನ್ನಾಕೆ ಸೂಚಿಸಿದಾಗ ಪಟ್ಟಿಯ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಅಲ್ಪಾವಧಿ ಬಾಡಿಗೆಯ ಅಪಾರ್ಟ್‌ಮೆಂಟಿಗೆ 8 ಯೂರೊ. ಒಂದೂ ನಕ್ಷತ್ರವಿಲ್ಲದ ಮಹಡಿಯಲ್ಲಿ ಸಾರು ಕುದಿಸಿಕೊಳ್ಳುವವರಿಂದ ಹವಾಮಾನಕ್ಕೆ ಆಗುವ ಹಾನಿ ಮೂರು ನಕ್ಷತ್ರದವರು ಮಾಡುವುದಕ್ಕಿಂತ ಹೆಚ್ಚು. ನಮ್ಮ ಕುಕ್ಕರಿನ ಸೀಟಿಯನ್ನೂ ಗಣನೆಗೆ ತೆಗೆದುಕೊಂಡಿರಬಹುದು. ಊಟದ ಚಿಂತೆಯನ್ನು ಮಾತ್ರ ದ್ವೀಪವೇ ಸ್ವಲ್ಪ ಬಗೆಹರಿಸಿದೆ. ಅಲ್ಲಿ ಫಾವಾ ಎಂಬ ಹಳದಿ ಬೇಳೆಯನ್ನು ಬೇಯಿಸಿ, ಮಸೆದು, ಎಣ್ಣೆ ಈರುಳ್ಳಿ ಹಾಕಿ ಬಡಿಸುತ್ತಾರೆ. ನಮ್ಮ ಕೇಸರಿಬೇಳೆಯ ಕುಲದ್ದೇ ಕಾಳು. ಯುರೋಪಿನ ಸಂರಕ್ಷಿತ ಹೆಸರಿನ ಪಟ್ಟಿಯಲ್ಲಿರುವ ಈ ತೊವ್ವೆಯನ್ನು ತಿನ್ನಲು ಅಷ್ಟು ದೂರ ಹೋಗಬೇಕೇ ಎಂದು ನನ್ನ ಅತ್ತೆಯವರು ಕೇಳಿದ ಪ್ರಶ್ನೆಗೆ ಈ ಮನೆಯಲ್ಲಿ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಇಷ್ಟೆಲ್ಲ ದಾಟಿ ಹೋದರೆ ಅಲ್ಲಿ ನಿಲ್ಲಲು ಜಾಗವಿದೆಯೇ ಎಂಬುದೂ ವಿಚಾರಿಸಬೇಕಾದ ಮಾತು. ಹದಿನೈದು ಸಾವಿರ ಚಿಲ್ಲರೆ ಜನ ವಾಸವಿರುವ ಈ ದ್ವೀಪಕ್ಕೆ 2023ರಲ್ಲಿ ಸುಮಾರು 34 ಲಕ್ಷ ಮಂದಿ ಬಂದು ಹೋದರು. 2024ರ ಜುಲೈ ತಿಂಗಳ ಒಂದು ದಿನ, ಕ್ರೂಸ್ ಹಡಗುಗಳಿಂದ ಸಾವಿರಾರು ಜನ ಇಳಿಯುವವರಿದ್ದಾಗ, ಅಲ್ಲಿನ ಸ್ಥಳೀಯ ಆಡಳಿತದ ಪದಾಧಿಕಾರಿಯೊಬ್ಬರು ಊರಿನವರು ಆದಷ್ಟು ಓಡಾಟ ಕಡಿಮೆ ಮಾಡಬೇಕೆಂದು ಫೇಸ್‌ಬುಕ್ಕಿನಲ್ಲಿ ವಿನಂತಿಸಿಕೊಂಡರು. ಜನ ಕೆರಳಿದ ಮೇಲೆ ಆ ವಿನಂತಿಯನ್ನು ಅಳಿಸಲಾಯಿತು. ಆದರೂ ಅದರ ತರ್ಕ ನನಗೆ ಹಿಡಿಸಿತು; ಮದುವೆಮನೆಯಲ್ಲಿ ಬೀಗರು ಉಣ್ಣುವಾಗ ಮನೆಯವರು ಹಿತ್ತಲಲ್ಲಿ ಇರಬೇಕು ಎಂಬುದು ನಮ್ಮಲ್ಲಿಯೂ ಇದೆ. ಈಗ ಕ್ರೂಸ್ ಪ್ರಯಾಣಿಕರಿಗೆ ದಿನಕ್ಕೆ 8,000 ಎಂಬ ಮಿತಿ ಇದೆ, 2025ರ ಜುಲೈನಿಂದ ದಟ್ಟಣೆಯ ತಿಂಗಳುಗಳಲ್ಲಿ ಇಳಿದವರಿಂದ ತಲೆಗೆ 20 ಯೂರೊ ವಸೂಲಿಯೂ ಇದೆ. ಹಳೆಯ ಬಂದರಿನಿಂದ ಫಿರಾ ಪಟ್ಟಣಕ್ಕೆ ಏರುವ 588 ಮೆಟ್ಟಿಲುಗಳಲ್ಲಿ ಪ್ರವಾಸಿಗರನ್ನು ಹೊರುವ ಕತ್ತೆಗಳಿಗೆ ನ್ಯಾಯ ಇದಕ್ಕಿಂತ ಬೇಗ ಸಿಕ್ಕಿತು. ನೂರು ಕಿಲೋಗ್ರಾಂ ಅಥವಾ ತಮ್ಮ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರಿಸುವಂತಿಲ್ಲ ಎಂದು 2018ರಲ್ಲಿಯೇ ಸರ್ಕಾರ ನಿಯಮ ಮಾಡಿತು. ಅದೇ ಊರಿಗೆ ವರ್ಗವಾಗಿ ಬರುವ ಶಾಲಾ ಮೇಷ್ಟರಿಗೂ ವೈದ್ಯರಿಗೂ ಬಾಡಿಗೆ ಮನೆ ಸಿಗುವುದಿಲ್ಲ ಎಂಬುದು ಗ್ರೀಸಿನ ಈ ದ್ವೀಪಗಳ ಹಳೆಯ ದೂರು. ಸಿಕ್ಕರೂ, ಹಂಗಾಮು ಶುರುವಾಗುವ ಹೊತ್ತಿಗೆ ಖಾಲಿ ಮಾಡಿ ಎನ್ನುತ್ತಾರೆ. ಮೇಷ್ಟರ ಕೋಣೆಗೆ ಬಂದು ಇಳಿಯುವವರು ನಾವೇ, ಅಂದರೆ ಮಿತವ್ಯಯದವರೇ, ಇರಬಹುದೆಂಬ ಅನುಮಾನ ನನಗೆ ಒಮ್ಮೆ ಬಂತು. ಯೂರೊ ಲೆಕ್ಕ ಮಾಡುವ ಗದ್ದಲದಲ್ಲಿ ಅದನ್ನು ಮುಂದಕ್ಕೆ ಹಾಕಿದೆ.

2025ರ ಫೆಬ್ರವರಿಯಲ್ಲಿ ದ್ವೀಪದ ಸುತ್ತ ನೆಲ ವಾರಗಟ್ಟಲೆ ನಡುಗಿ, ಹತ್ತು ಸಾವಿರಕ್ಕೂ ಹೆಚ್ಚು ಜನ ದೋಣಿ ವಿಮಾನ ಹಿಡಿದು ಹೊರಟುಹೋದ ಸುದ್ದಿಯನ್ನು ಮೈದುನ ಈಗ ತಡವಾಗಿ ಓದಿ, "ಭಾವ, ಆಗ ನೋಡಿದ್ದರೆ ಅಂಚಿನ ಕೋಣೆಯೇ ನಮ್ಮ ರೇಟಿಗೆ ಸಿಗುತ್ತಿತ್ತು" ಎಂದು ಹಲುಬಿದ. ಮಿತವ್ಯಯದ ಪ್ರವಾಸಿಗನ ಮನಸ್ಸು ಎಷ್ಟು ಕಲ್ಲಾಗಬಲ್ಲದು ಎಂಬುದಕ್ಕೆ ಅವನನ್ನು ಬೈಯಬೇಕೆಂದುಕೊಂಡೆ. ಬೈಯುವ ಮೊದಲು, ಆಗ ದರ ಎಷ್ಟಿತ್ತು ಎಂದು ಕೇಳಿದೆ.

ಇನ್ನು ಉಳಿದದ್ದು ಸೂರ್ಯಾಸ್ತ. ಬರೆಯುವಾಗ ಓಯಾ ಎಂದೂ ಗ್ರೀಕರ ಬಾಯಲ್ಲಿ ಈಯಾ ಎಂದೂ ಇರುವ ಊರಿನ ಹಾಳುಕೋಟೆಯ ಮೇಲೆ, ಬೇಸಿಗೆಯ ಸಂಜೆ, ಎರಡು ಮೂರು ಗಂಟೆ ಮೊದಲೇ ಜಾಗ ಹಿಡಿದವರ ತಲೆಗಳ ಮೇಲೆ ಅದರ ಹಿಂದಿನವರ ಫೋನುಗಳು, ಅವುಗಳ ಮೇಲೆ ಅದರ ಹಿಂದಿನವರ ಫೋನುಗಳು ಏಳುತ್ತವೆ. ಸೂರ್ಯ ಮುಳುಗಿದೊಡನೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಆಗುಂಬೆಯಲ್ಲಿ ಸೂರ್ಯ ಎಷ್ಟೋ ಸಂಜೆ ಮೋಡದ ಮರೆಯಲ್ಲಿಯೇ ಹೋಗಿಬಿಡುತ್ತಾನೆ, ಚಪ್ಪಾಳೆಯಿಲ್ಲದಿದ್ದರೂ ಮರುದಿನ ಕೆಲಸಕ್ಕೆ ಹಾಜರಾಗುತ್ತಾನೆ. ಓಯಾದ ಓಣಿಗಳಲ್ಲಿ, ಇದು ನಿಮ್ಮ ರಜೆಯಾದರೂ ನಮ್ಮ ಮನೆ ಎಂದು ನಿವಾಸಿಗಳು ಫಲಕಗಳನ್ನು ಹಾಕಿದ್ದಾರೆ. ಆ ಫಲಕದ ಪಕ್ಕದಲ್ಲಿ ನಿಂತೂ ಚಿತ್ರ ತೆಗೆಸಿಕೊಳ್ಳುತ್ತಾರೆ. ಹಾರುವ ಉಡುಪು ಎಂಬುದೊಂದು ಬೇರೆ ಕಸುಬು ಅಲ್ಲಿದೆ. ಹತ್ತಾರು ಅಡಿ ಉದ್ದದ ಬಾಲವಿರುವ ಗೌನನ್ನು ಬಾಡಿಗೆಗೆ ಕೊಟ್ಟು, ನಿಮ್ಮನ್ನು ಮಾಳಿಗೆಯ ಅಂಚಿನಲ್ಲಿ ನಿಲ್ಲಿಸಿ, ಒಬ್ಬ ಸಹಾಯಕ ಆ ಬಾಲವನ್ನು ಗಾಳಿಗೆ ಎಸೆದು ಚೌಕಟ್ಟಿನಿಂದ ಹೊರಗೆ ಓಡುತ್ತಾನೆ. ಇದರ ದರವನ್ನು ನನ್ನಾಕೆ ಕೇಳಬಾರದೆಂದು ಆ ಪುಟವನ್ನು ನಾನು ಕೂಡಲೇ ಮುಚ್ಚಿದೆ.

ಕೊನೆಗೆ ನಾವು ಗಟ್ಟಿ ಮಾಡಿದ್ದು ಮೂಡಣ ದಡದ ಪೆರಿಸ್ಸಾದಲ್ಲಿ ಎರಡು ನಕ್ಷತ್ರದ ಒಂದು ಹೋಟೆಲು. ಕಾಲ್ಡೆರಾ ಕಾಣುವುದಿಲ್ಲ, ಸೂರ್ಯಾಸ್ತ ಕಾಣುವುದಿಲ್ಲ, ಶೌಚಾಲಯದೊಳಗೆ ಕಾಗದ ಹಾಕಬಾರದು, ನಲ್ಲಿಯ ನೀರು ಕುಡಿಯಬಾರದು. ಹಣ ಕಟ್ಟುವ ಮೊದಲು, ಹಿಂದೆ ತಂಗಿದ್ದವರು ಬರೆದ ದೂರುಗಳನ್ನು ಓದುವುದು ನಮ್ಮ ಮನೆಯ ಪದ್ಧತಿ. ಒಬ್ಬ ಮಹಾನುಭಾವರು ಹತ್ತಕ್ಕೆ ಮೂರು ಅಂಕ ಕೊಟ್ಟು, ಬೆಳಗ್ಗೆ ಆರೂವರೆಗೆಲ್ಲ ಕಡಲ ಮೇಲಿಂದ ಸೂರ್ಯ ನೇರವಾಗಿ ಮುಖಕ್ಕೆ ಬೀಳುತ್ತಾನೆ, ನಿದ್ರೆಗೆ ಬಹಳ ತೊಂದರೆಯಾಯಿತು, ಆಡಳಿತದವರು ಕೂಡಲೇ ಕ್ರಮ ಕೈಗೊಳ್ಳಬೇಕು ಎಂದು ಬರೆದಿದ್ದರು. ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ನನ್ನಾಕೆ ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ದಪ್ಪ ಪರದೆಯೊಂದನ್ನು ತೆಗೆದು, ಕೊಡವಿ, ಸೂಟ್‌ಕೇಸಿನ ಪಕ್ಕದಲ್ಲಿ ಇಟ್ಟಳು.