ಬಿಸಿಲು ನೋಡಿ ಮಡಚಿಕೊಳ್ಳುವ ಗೋಡೆ ಕಲಬುರಗಿಗೆ ಬೇಕೇ?

ಪರ

ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 43 ಡಿಗ್ರಿ ಮುಟ್ಟುತ್ತದೆ. ಆದರೂ ಹೊಸ ಕಟ್ಟಡ ಅಂದರೆ ಪಶ್ಚಿಮಕ್ಕೆ ಪೂರ್ತಿ ಗಾಜು! ಮಧ್ಯಾಹ್ನ ಮೂರಕ್ಕೆ ಪರದೆ ಎಳೆದು, ಲೈಟ್ ಹಚ್ಚಿ, ಎಸಿ ಜಾಸ್ತಿ ಮಾಡಿಕೊಂಡು ಕೂರುತ್ತಾರೆ. ಪರದೆಗೆ ಬಿಸಿಲು ಬಡಿಯುವಷ್ಟರಲ್ಲಿ ಕಾವು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಗಾಜಿನ ಹೊರಗೇ ತಡೆಯಬೇಕು.

ಅಬುಧಾಬಿಯ ಅಲ್ ಬಹರ್ ಜೋಡಿ ಗೋಪುರಗಳು 2012ರಲ್ಲಿ ಮುಗಿದವು. ಅವುಗಳ ಗಾಜಿನ ಆಚೆ ಸುಮಾರು ಎರಡು ಸಾವಿರ ಛತ್ರಿಗಳಿವೆ, ಅಂದರೆ ಛತ್ರಿಯಂತೆ ಮೋಟಾರಿನಿಂದ ಬಿಚ್ಚಿ ಮಡಚುವ ಫಲಕಗಳು. ಬಿಸಿಲು ಬಿದ್ದ ಕಡೆ ಬಿಚ್ಚಿಕೊಂಡು ನೆರಳು ಕೊಡುತ್ತವೆ. ಸೂರ್ಯ ಸರಿದ ಮೇಲೆ ಮಡಚಿಕೊಂಡು ಬೆಳಕು ಬಿಡುತ್ತವೆ. ಬಿಸಿಲು ಕಮ್ಮಿ ಇರುವ ಉತ್ತರಕ್ಕೆ ಛತ್ರಿಯೇ ಇಲ್ಲ. ನಮ್ಮ ಕದಲದ ಸಜ್ಜಾಕ್ಕೆ ಇದು ಆಗದ ಕೆಲಸ. ನೆತ್ತಿಯ ಬಿಸಿಲನ್ನೇನೋ ತಡೆಯುತ್ತದೆ, ಸಂಜೆಯ ಓರೆ ಬಿಸಿಲು ಅದರ ಕೆಳಗಿಂದಲೇ ನುಗ್ಗುತ್ತದೆ.

ಖರ್ಚು ಅಂತೀರಿ. ಎಸಿ ಏನು ಪುಕ್ಕಟೆಯಾ? ರಿಪೇರಿ ಅಂತೀರಿ. ಹಾಗಾದರೆ ಲಿಫ್ಟ್ ಬಿಟ್ಟು ಆರು ಮಹಡಿ ಹತ್ತಿ ತೋರಿಸಿ. ಕಾವನ್ನು ಹೊರಗೇ ತಡೆಯಬೇಕು, ಅಷ್ಟೇ.

ವಿರೋಧ

ನನ್ನ ಪಾಲಿಗೆ ವಿರೋಧ ಬಂದಿದೆ, ಬರೆಯುತ್ತೇನೆ. ಅಬುಧಾಬಿಯ ಛತ್ರಿಗಳು ಚಂದ, ಸುಳ್ಳು ಹೇಳಲಾರೆ. ಆದರೆ ಗೋಡೆ ಕುಣಿಸುವ ಆಸೆ ಹಳೆಯದು. ಪ್ಯಾರಿಸ್‌ನ ಅರಬ್ ವರ್ಲ್ಡ್ ಇನ್‌ಸ್ಟಿಟ್ಯೂಟ್‌ಗೆ 1987ರಲ್ಲೇ ಕ್ಯಾಮೆರಾದ ಕಣ್ಣಿನಂತೆ ಹಿಗ್ಗಿ ಕುಗ್ಗುವ ಕಿಂಡಿಗಳನ್ನು ಕೂರಿಸಿದ್ದರು. ವರ್ಷ ಕಳೆದಂತೆ ಎಷ್ಟೋ ಕಿಂಡಿಗಳು ಕೆಟ್ಟು ನಿಂತವು. ಅದೂ ಪ್ಯಾರಿಸ್‌ನಲ್ಲಿ.

ಇಲ್ಲಿನ ಧೂಳು ಗೊತ್ತಲ್ವಾ? ನಮ್ಮ ಕಾಕಾ ಬಟ್ಟೆ ಅಂಗಡಿಗೆ ರಿಮೋಟ್ ಶಟರ್ ಹಾಕಿಸಿದರು. ಊರಿಗೆಲ್ಲ ಒತ್ತಿ ತೋರಿಸಿದ್ದೇ ತೋರಿಸಿದ್ದು. ಮದುವೆ ಸೀಸನ್ನಿನ ಒಂದು ಸಂಜೆ ಅದು ಅರ್ಧಕ್ಕೆ ಇಳಿದು ನಿಂತಿತು. ಗಿರಾಕಿಗಳು ಬಗ್ಗಿ ಬಗ್ಗಿ ಹೊರಗೆ ಬಂದರು. ಒಬ್ಬ ಅಜ್ಜಿ ಮಾತ್ರ ಬಗ್ಗಲ್ಲ ಅಂತ ಸ್ಟೂಲ್ ಎಳೆದು ಕೂತಳು, ಕಾಕಾ ಆಕೆಗೆ ಚಹಾ ತರಿಸಿದರು. ಕೈಯಿಂದ ಎಳೆಯುವ ಸರಪಳಿ ಇರುತ್ತೆ ನೋಡಿ, ಅದನ್ನು ಚಂದ ಕಾಣಲ್ಲ ಅಂತ ಫಾಲ್ಸ್ ಸೀಲಿಂಗ್ ಒಳಗೆ ಮುಚ್ಚಿಬಿಟ್ಟಿದ್ದರು. ಮೆಕ್ಯಾನಿಕ್ ಸೊಲ್ಲಾಪುರದಿಂದ ಬರಬೇಕು. ಕೊನೆಗೆ ಸೀಲಿಂಗ್ ಒಡೆದರು.

ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ ಇದ್ದರೆ ಈ ರಗಳೆಯೇ ಇಲ್ಲ. ಆದರೆ ಗಾಜು ಬೇಕು ಅನ್ನುವವರು ಕೇಳಬೇಕಲ್ಲ. ಛತ್ರಿ ಹಾಕಿಸುವುದೇ ಆದರೆ ಕೈಯಿಂದ ತಿರುಗಿಸುವ ಹಿಡಿಕೆಯನ್ನೂ ಇಡಿಸಿ, ಕೈಗೆ ಸಿಗುವ ಜಾಗದಲ್ಲಿ.